ಕರಗ ಹೊರುವ ಮೈ

ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ಕಡಲಿಲ್ಲ; ಅಲೆಯ ಮೇಲೆ ಹಲಗೆ ಹತ್ತಿ ನಿಲ್ಲುವ ಸರ್ಫಿಂಗ್ ಏನಿದ್ದರೂ ಮೂಲ್ಕಿ, ಸಸಿಹಿತ್ಲು ಕಡೆಯ ಮಾತು. ಆದರೆ ಮೈಯ ತೂಕ ಕಾಯ್ದುಕೊಳ್ಳುವ ವಿದ್ಯೆ ಕೋಲಾರ ಸೀಮೆಗೆ ಹೊಸದಲ್ಲ, ತಿಗಳ ಸಮುದಾಯದವರು ದ್ರೌಪದಮ್ಮನ ಹೆಸರಲ್ಲಿ ನಡೆಸುವ ಕರಗವೇ ಅದಕ್ಕೆ ಸಾಕ್ಷಿ. ಹೂವಿನ ಕರಗವನ್ನು ಕೈಯಲ್ಲಿ ಹಿಡಿಯದೆ ತಲೆಯ ಮೇಲೆ ಹೊತ್ತು ಇರುಳೆಲ್ಲ ಬೀದಿ ಸುತ್ತಬೇಕು. ಕತ್ತು ನೆಟ್ಟಗಿರಬೇಕು, ಮಂಡಿ ಸಡಿಲವಿರಬೇಕು. ಕುಣಿತದ ಕುಲುಕಾಟವೆಲ್ಲ ಸೊಂಟದ ಕೆಳಗೇ ತೀರಬೇಕು. ಇದು ದ್ರೌಪದಮ್ಮನ ಶಕ್ತಿ, ಕಲಿತು ಬರುವಂಥದ್ದಲ್ಲ ಎನ್ನುವವರಿದ್ದಾರೆ. ಆ ನಂಬಿಕೆಯನ್ನು ಅಲ್ಲಗಳೆಯಬೇಕಿಲ್ಲ. ಆದರೆ ಬೆಂಗಳೂರಿನ ಧರ್ಮರಾಯ ದೇವಸ್ಥಾನದ ಕರಗದ ಸುತ್ತ ಗರಡಿಮನೆಗಳು ಬೆಳೆದದ್ದೇಕೆ? ವ್ರತದ ಜೊತೆಗೆ ಸಾಮು ತಾಲೀಮೂ ಬೇಕಿತ್ತು, ಅದಕ್ಕೇ. ಕೋಲಾರ ಸೀಮೆಯದೇ ಇನ್ನೊಂದು ವಿದ್ಯೆ ಹೀಗೆ ಉಳಿಯಲಿಲ್ಲ. ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದವರ ಕೈಚಳಕ 2001ರಲ್ಲಿ ಗಣಿಯೊಂದಿಗೇ ಮುಚ್ಚಿಹೋಯಿತು. ಆ ಕೈಚಳಕವನ್ನು ಸಾಕಿದ್ದು ಗಣಿ ಕಂಪನಿ. ಕರಗವನ್ನು ಸಾಕಿದ್ದು ಕುಲ, ಹಾಗಾಗಿ ಅದಿನ್ನೂ ನಡೆಯುತ್ತಿದೆ.