ಬಿಳಿ ಗರುಗ, ಹಳದಿ ಗರುಗ

ಚೆನ್ನೈನ ಸೊಪ್ಪಿನ ಅಂಗಡಿಯಲ್ಲಿ ಕರಿಸಲಾಂಕಣ್ಣಿ ಬೇಕೆಂದರೆ, ಬಿಳಿಯದೋ ಹಳದಿಯದೋ ಎಂಬ ಮರುಪ್ರಶ್ನೆ ಬರುತ್ತದೆ. ಕನ್ನಡನಾಡಿನಿಂದ ಬಂದ ನಮಗೆ ಮೊದಮೊದಲು ಈ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಊರುಗಳಲ್ಲಿ ಗರುಗವೆಂದರೆ ಒಂದೇ. ಗದ್ದೆಯ ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ ಬೆಳೆಯುವ, ಒರಟು ಎಲೆಯ, ಪುಟ್ಟ ಬಿಳಿ ಹೂವಿನ ಗಿಡ. ಅದರ ರಸದಲ್ಲಿ ಬಟ್ಟೆ ನೆನೆಸಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಉರಿಸಿ, ಮೇಲೆ ಕವುಚಿದ ತಟ್ಟೆಗೆ ಹಿಡಿದ ಮಸಿಯಿಂದ ಅಜ್ಜಿಯರು ಕಾಡಿಗೆ ಮಾಡುತ್ತಿದ್ದರು. ಕಾಡಿಗ್ಗರುಗ ಎಂಬ ಹೆಸರು ಅದನ್ನೇ ನೆನಪಿಸುತ್ತದೆ. ಹಳದಿ ಹೂವಿನದನ್ನು ನಾವು ಗರುಗವೆಂದು ಕರೆದದ್ದೇ ಇಲ್ಲ. ತಮಿಳರಿಗೆ ಎರಡೂ ಒಂದೇ ಹೆಸರಿನವು, ಎರಡೂ ಅಡಿಗೆಗೆ, ತಲೆಗೂದಲಿನ ಎಣ್ಣೆಗೆ, ಕಾಮಾಲೆಯ ಮದ್ದಿಗೆ ಸಲ್ಲುವವು.

ಇವು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದವು. ನಾವು ಹೂವೆಂದು ಕರೆಯುವುದು ಇಲ್ಲಿ ಹೂವಲ್ಲ, ಹತ್ತಾರು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತ ಒಂದು ಸಭೆ. ಎಸಳಿನಂತೆ ಕಾಣುವ ಅಂಚಿನದೊಂದೊಂದೂ ಪ್ರತ್ಯೇಕ ಹೂವು. ಆದ್ದರಿಂದ ಈ ಕುಟುಂಬದಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವವರು ಹೂವನ್ನು ಬಿಡಿಸಿ, ಮಸೂರದಡಿ ಇಟ್ಟು, ಬೀಜದ ತಲೆಯ ಮೇಲೆ ರೋಮವಿದೆಯೇ ಇಲ್ಲವೇ ಎಂಬಷ್ಟರವರೆಗೆ ನೋಡಬೇಕಾಗುತ್ತದೆ. ಬಿಳಿ ಗರುಗಕ್ಕೆ ಲಿನೇಯಸ್ 1771ರಲ್ಲಿ ಕೊಟ್ಟ ಎಕ್ಲಿಪ್ಟ ಎಂಬ ಕುಲನಾಮಕ್ಕೆ ಗ್ರೀಕ್ ಮೂಲದಲ್ಲಿ ‘ಕೊರತೆಯುಳ್ಳದ್ದು’ ಎಂದರ್ಥ. ಕೊರತೆ ಆ ರೋಮಗಳದ್ದೇ.

ಅದಕ್ಕೆ ಮೊದಲು, 1753ರಲ್ಲಿ, ಅವನು ಹಳದಿಯದನ್ನೂ ಬಿಳಿಯದನ್ನೂ ವರ್ಬೆಸಿನ ಎಂಬ ಒಂದೇ ಕುಲದಲ್ಲಿಟ್ಟಿದ್ದ. ಅಷ್ಟೇ ಅಲ್ಲ, ಬಿಳಿಯದೊಂದನ್ನೇ ಎರಡು ಪ್ರಭೇದಗಳನ್ನಾಗಿ ಒಡೆದಿದ್ದ: ‘ಆಲ್ಬ’ ಒಂದು, ‘ಪ್ರೋಸ್ಟ್ರಾಟ’ ಇನ್ನೊಂದು. ನೀರಿನ ಬದಿಯಲ್ಲಿ ಹಬ್ಬುವ, ಬೇರೆಡೆ ನೆಟ್ಟಗೆ ನಿಲ್ಲುವ ಒಂದೇ ಗಿಡ ಇದು ಎಂದು ತಿಳಿದು, ಮುಂದೆ ಎರಡನ್ನೂ ಕೂಡಿಸಲಾಯಿತು. ಆದರೂ ಇಂದಿಗೂ ಔಷಧದ ಸೀಸೆಗಳ ಮೇಲೆ ಎರಡೂ ಹೆಸರುಗಳು ಕಾಣಸಿಗುತ್ತವೆ, ಗ್ರಾಹಕನಿಗೆ ಎರಡು ಮದ್ದುಗಳೆಂಬ ಭ್ರಮೆ ಹುಟ್ಟುವಂತೆ.

ದಕ್ಷಿಣದ ಗಿಡಗಳನ್ನು ಈ ಬಗೆಯಲ್ಲಿ ಬಿಡಿಸಿ ನೋಡುವ ಕೆಲಸಕ್ಕೆ ಮದರಾಸು ದೊಡ್ಡ ಕೇಂದ್ರವಾಯಿತು. 1819ರಲ್ಲಿ ಕಂಪನಿ ಸರಕಾರದ ಸಹಾಯಕ ವೈದ್ಯನಾಗಿ ಬಂದ ಸ್ಕಾಟ್ಲೆಂಡಿನ ರಾಬರ್ಟ್ ವೈಟ್ ಸಂಗ್ರಹಿಸಿದ ಈ ಕುಟುಂಬದ ಗಿಡಗಳನ್ನು ಜಿನೀವಾದ ಡಿ ಕ್ಯಾಂಡೋಲ್ ಪರಿಶೀಲಿಸಿದ. ಆ ಬರಹ 1834ರಲ್ಲಿ ವೈಟನ ಗ್ರಂಥದಲ್ಲಿ ಅಚ್ಚಾಯಿತು. ಅದೇ ವರ್ಷ ಭಾರತಕ್ಕೆ ಮರಳಿದ ವೈಟನಿಗೆ ಮೊದಲ ನೇಮಕ ದೊರೆತದ್ದು ನಮ್ಮ ಬಳ್ಳಾರಿಯಲ್ಲಿ. 1838ರಿಂದ 1853ರವರೆಗೆ ಅವನು ಮದರಾಸಿನಿಂದ ಹೊರತಂದ ಚಿತ್ರಸಂಪುಟಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕ ಫಲಕಗಳಿವೆ. ಅವುಗಳ ಮೂಲ ಚಿತ್ರಗಳನ್ನು ಬರೆದ ಮುಖ್ಯ ಕಲಾವಿದರು ರಂಗಯ್ಯ ಮತ್ತು ಗೋವಿಂದು. ರಂಗಯ್ಯನ ಹೆಸರು ಒಂದು ಸಸ್ಯಕುಲಕ್ಕೆ ಇಂದಿಗೂ ಉಳಿದಿದೆ. ಗೋವಿಂದುವಿನ ಹೆಸರಿನಲ್ಲಿ ವೈಟ್ ಒಂದು ಸೀತಾಳೆಗೆ ನಾಮಕರಣ ಮಾಡಿದ, ಅದು ಬೇರೊಂದು ಕುಲದಲ್ಲಿ ಲೀನವಾಯಿತು. ಆ ಫಲಕಗಳಿಗೆ ಬಣ್ಣವಿರಲಿಲ್ಲ. ಬಿಳಿಯದು, ಹಳದಿಯದು ಎಂಬ ನಮ್ಮ ಸುಲಭದ ಗುರುತು ಅಂಥ ಪುಟದ ಮೇಲೆ ಕೆಲಸಕ್ಕೆ ಬಾರದು. ಕಿರುಹೂವನ್ನು ಸೀಳಿ, ಭಾಗಭಾಗವಾಗಿ ಬರೆದು ತೋರಿಸದೆ ಗತ್ಯಂತರವಿರಲಿಲ್ಲ. ವೈಟನ ಕೀರ್ತಿಯಲ್ಲಿ ದೊಡ್ಡ ಪಾಲು ಈ ಇಬ್ಬರದೆಂದು ನಮ್ಮ ಎಣಿಕೆ.

ಕಣ್ಣು ಹೀಗೆ ಬೇರ್ಪಡಿಸಿದ್ದನ್ನು ರಸಾಯನಶಾಸ್ತ್ರ ಮತ್ತೆ ಕೂಡಿಸಿತು, ಅದೂ ಮದರಾಸಿನಲ್ಲಿಯೇ. ಮರೀನಾದ ಎದುರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಟಿ. ಆರ್. ಗೋವಿಂದಾಚಾರಿ ಅವರು ನಾಗರಾಜನ್ ಮತ್ತು ಪೈ ಎಂಬ ಸಹೋದ್ಯೋಗಿಗಳೊಡನೆ ಹಳದಿ ಗಿಡದ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನು 1956ರಲ್ಲಿ ಪ್ರಕಟಿಸಿದರು. ಆ ಗಿಡಕ್ಕೆ ಆಗ ವೆಡೇಲಿಯ ಎಂಬ ಹೆಸರಿತ್ತಾಗಿ ವಸ್ತು ವೆಡೆಲೊಲ್ಯಾಕ್ಟೋನ್ ಆಯಿತು. ಅದೇ ವಸ್ತು ಬಿಳಿ ಗರುಗದಲ್ಲಿಯೂ ಸಿಕ್ಕಿತು! ಎರಡು ಕುಲಗಳ ಗಿಡಗಳನ್ನು ಒಂದೇ ಹೆಸರಿನಿಂದ ಕರೆಯುತ್ತ ಬಂದ ತಮಿಳು ಹಿತ್ತಿಲ ವೈದ್ಯದ ಕಡೆಗೆ ಪ್ರಯೋಗಶಾಲೆ ಒಂದು ಸಾಕ್ಷಿ ನುಡಿದಂತಾಯಿತು. ವೆಡೆಲ್ ಎಂಬಾತ ಜರ್ಮನಿಯ ಯೇನಾದಲ್ಲಿದ್ದ ವೈದ್ಯಪ್ರಾಧ್ಯಾಪಕ. 1996ರಲ್ಲಿ ಹಳದಿ ಗಿಡವನ್ನು ಸ್ಫ್ಯಾಗ್ನೆಟಿಕೋಲ ಎಂಬ ಕುಲಕ್ಕೆ ಸೇರಿಸಿದರು. ಗಿಡ ಅವನ ಹೆಸರನ್ನು ಕಳೆದುಕೊಂಡಿತು, ಅದರೊಳಗಿನ ವಸ್ತು ಇಟ್ಟುಕೊಂಡಿತು.

ತೊಡಕು ಬಂದದ್ದು ಅದೇ ಕುಲದ ಮೂರನೆಯದರಿಂದ. ಉಷ್ಣವಲಯದ ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಟ್ರೈಲೋಬಾಟ ಎಂಬ ಬಳ್ಳಿಯಂಥ ಗಿಡ ಇಂದು ಚೆನ್ನೈನ ರಸ್ತೆ ವಿಭಜಕಗಳಲ್ಲಿ, ಉದ್ಯಾನಗಳ ಅಂಚಿನಲ್ಲಿ ಹಳದಿ ಹೂ ಹೊತ್ತು ಹಬ್ಬಿದೆ. ತುಂಡೊಂದು ಬಿದ್ದಲ್ಲಿ ಬೇರೂರುವ ಇದು ಜಗತ್ತಿನ ನೂರು ಅತಿ ಉಪದ್ರವಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇದನ್ನೇ ಹಳದಿ ಕರಿಸಲಾಂಕಣ್ಣಿಯೆಂದು ಮಾರುವವರುಂಟು. ನಮ್ಮ ಮನೆಯ ಕುಂಡಕ್ಕೂ ಒಂದು ಸಸ್ಯಪಾಲನಾಲಯದಿಂದ ಅದೇ ಹೆಸರಿನಲ್ಲಿ ಬಂತು. ಎರಡು ವರ್ಷ ಅದರ ಸೊಪ್ಪನ್ನು ಎಣ್ಣೆಗೆ ಹಾಕಿದೆವು. ಮನೆಯಲ್ಲೊಬ್ಬರಿಗೆ ಕಾಮಾಲೆಯಾದಾಗ, ಅದರ ರಸವನ್ನು ಮಜ್ಜಿಗೆಯಲ್ಲಿ ಕೊಡಲು ಎಲೆ ಕೀಳಹೊರಟಾಗಲಷ್ಟೇ ಕಣ್ಣಿಟ್ಟು ನೋಡಿದ್ದು.

ಗುರುತು ಕಷ್ಟದ್ದಲ್ಲ. ನಾಡಿನ ಹಳದಿಯದರ ಎಲೆ ಭರ್ಜಿಯ ಆಕಾರದ್ದು, ಸೀಳಿಲ್ಲದ್ದು, ಒರಟು, ಅಂಚಿನ ಹಲ್ಲುಗಳು ಅಲ್ಲೊಂದು ಇಲ್ಲೊಂದು. ಅಮೆರಿಕದ್ದರ ಎಲೆ ದಪ್ಪ, ಹೊಳಪಿನದು, ಎರಡೂ ಬದಿಗೆ ಒಂದೊಂದು ಚಾಚು ಬಂದು ಮೂರು ಮೂಲೆಯಾದದ್ದು, ಹೂವೂ ದೊಡ್ಡದು. ಆದರೆ ಎಳೆಯ ಕುಡಿಯಲ್ಲಿ ಈ ಚಾಚುಗಳು ಕಾಣದಿರಬಹುದು, ಮೋಸಹೋಗುವುದು ಅಲ್ಲಿಯೇ. ನಾವು ಕೀಳಹೊರಟ ಎಲೆಗೆ ಮೂರು ಮೂಲೆಯಿತ್ತು. ಆ ದಿನ ರಸ ಕೊಡಲಿಲ್ಲ, ಆಸ್ಪತ್ರೆಗೆ ಹೋದೆವು.

ಈಗ ಸೊಪ್ಪಿನವಳು ಕೇಳುವ ಮೊದಲೇ ನಾವು ಬಿಳಿಯದೆನ್ನುತ್ತೇವೆ. ಅವಳು ಕಟ್ಟಿನಿಂದ ಒಂದೆಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಹಸಿರು ರಸ ಕಪ್ಪಾಗುವತನಕ ಕೈ ಚಾಚಿ ಹಿಡಿದಿರುತ್ತಾಳೆ.