ಅಗ್ಗದ ಗಣಕಯಂತ್ರದ ಚರಿತ್ರೆ: ಸಂಪಾಜೆಯ ಕಡೆಯಿಂದ ಒಂದು ನೋಟ

ಕಡಿಮೆ ಬೆಲೆಯ ಗಣಕಯಂತ್ರದ ಚರಿತ್ರೆಯೆಂದರೆ ಬಹುಮಟ್ಟಿಗೆ ಬಿಟ್ಟುಕೊಟ್ಟದ್ದರ ಚರಿತ್ರೆ. ಬೆಲೆ ಇಳಿಯಬೇಕಾದರೆ ಪರದೆ, ಬ್ಯಾಟರಿ, ಕೀಲಿಮಣೆ, ಸಂಗ್ರಹ, ಭಾಷೆ ಇವುಗಳಲ್ಲಿ ಯಾವುದಾದರೊಂದು ಕುಗ್ಗಲೇಬೇಕಾಗುತ್ತದೆ. ಯಾವುದು ಕುಗ್ಗಿದರೆ ನಡೆಯುತ್ತದೆ, ಯಾವುದು ಕುಗ್ಗಿದರೆ ಯಂತ್ರವೇ ಮೂಲೆ ಸೇರುತ್ತದೆ ಎಂಬುದನ್ನು ಕಾರ್ಖಾನೆಗಿಂತ ಹೆಚ್ಚಾಗಿ ಅದು ಬಳಕೆಯಾಗುವ ಊರು ತೀರ್ಮಾನಿಸುತ್ತದೆ. ಕಳೆದ ಕಾಲು ಶತಮಾನದಲ್ಲಿ ಕರ್ನಾಟಕವು ಇಂತಹ ಪ್ರಯೋಗಗಳಿಗೆ ಜನ್ಮಭೂಮಿಯೂ ಪರೀಕ್ಷಾಭೂಮಿಯೂ ಆಗಿರುವುದರಿಂದ, ಈ ಚರಿತ್ರೆಯನ್ನು ಒಂದು ನಿರ್ದಿಷ್ಟ ಊರಿನ ಅಗತ್ಯಗಳ ಎದುರು ಇಟ್ಟು ನೋಡುವುದು ಉಚಿತ.

ಸಂಪಾಜೆ ಅಂತಹ ಒಂದು ಊರು. ಸುಳ್ಯದಿಂದ ಮಡಿಕೇರಿಗೆ ಏರುವ ಹೆದ್ದಾರಿಯಲ್ಲಿ ಘಾಟಿಯ ಬುಡದಲ್ಲಿರುವ ಈ ಊರಿನ ಹೆಸರು ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳ ಗಡಿಯ ಎರಡೂ ಬದಿಯ ಗ್ರಾಮಗಳಿಗೆ ಸಲ್ಲುತ್ತದೆ. ಅಡಿಕೆ ಮತ್ತು ರಬ್ಬರು ಇಲ್ಲಿಯ ಮುಖ್ಯ ಬೆಳೆಗಳು. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದು, ಕರೆಂಟು ಹೋಗುವುದು, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ ಮಾಯವಾಗುವುದು ಇಲ್ಲಿಯವರಿಗೆ ಹೊಸತಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದಾಗ ಮಡಿಕೇರಿಯ ಕಡೆಗಿನ ದಾರಿಯೇ ವಾರಗಟ್ಟಲೆ ಮುಚ್ಚಿಹೋಗಿತ್ತು. ಯಂತ್ರ ಕೆಟ್ಟರೆ ಸುಳ್ಯಕ್ಕೋ ಪುತ್ತೂರಿಗೋ ಒಯ್ಯಬೇಕಾದ ಇಂತಹ ಕಡೆ, ಲ್ಯಾಪ್‌ಟಾಪಿನ ವೇಗಕ್ಕಿಂತ ಅದರ ಬಾಳಿಕೆಯ ಪ್ರಶ್ನೆ ಮೊದಲು ಬರುತ್ತದೆ.

ಈ ಬಗೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಮೊದಲ ಗಮನಾರ್ಹ ಭಾರತೀಯ ಯಂತ್ರವೆಂದರೆ ಸಿಂಪ್ಯೂಟರ್. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ವಿಚಾರಸಂಕಿರಣವೊಂದರಲ್ಲಿ ಮೊಳೆತ ಈ ಕಲ್ಪನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ ಬೆಳೆಸಿದರು. ಅದಕ್ಕಾಗಿ ಒಂದು ಟ್ರಸ್ಟ್ ರಚನೆಯಾಗಿ, 2001ರಲ್ಲಿ ಮಾದರಿ ಯಂತ್ರ ಪ್ರಕಟವಾಯಿತು. ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದರೆ ಸುಮಾರು 9,000 ರೂಪಾಯಿಗೆ ಕೊಡಬಹುದೆಂದು ಅಂದಾಜಿಸಲಾಗಿತ್ತು. ಆ ಬೆಲೆಗಾಗಿ ವಿನ್ಯಾಸಕಾರರು ಕೀಲಿಮಣೆಯನ್ನೂ ಹಾರ್ಡ್‌ಡಿಸ್ಕನ್ನೂ ಕೈಬಿಟ್ಟು, ಅಂಗೈಯಗಲದ ಕಪ್ಪುಬಿಳುಪು ಸ್ಪರ್ಶಪರದೆಯನ್ನು ಇಟ್ಟುಕೊಂಡರು. ಶುಲ್ಕವಿಲ್ಲದೆ ಸಿಗುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿದರು. ಆದರೆ ಕೆಲವನ್ನು ಅವರು ಬಿಟ್ಟುಕೊಡಲಿಲ್ಲ. ಒಂದೇ ಯಂತ್ರವನ್ನು ಹತ್ತಾರು ಮಂದಿ ತಮ್ಮ ತಮ್ಮ ಮಾಹಿತಿಯೊಂದಿಗೆ ಸರದಿಯಲ್ಲಿ ಬಳಸಲು ಸ್ಮಾರ್ಟ್‌ಕಾರ್ಡಿನ ಕಿಂಡಿ ಇತ್ತು. ಮಾದರಿ ಯಂತ್ರ ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿಗಳಿಂದಲೇ ನಡೆಯುತ್ತಿತ್ತು. ಓದು ಬಾರದವರಿಗಾಗಿ ಪಠ್ಯವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಧ್ವನಿಯಾಗಿ ಪರಿವರ್ತಿಸುವ ತಂತ್ರಾಂಶವನ್ನೂ ರೂಪಿಸಲಾಗಿತ್ತು.

2004ರ ಮಾರ್ಚ್‌ನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅತಿ ಸರಳ ಮಾದರಿಯ ಬೆಲೆ 9,950 ರೂಪಾಯಿಯಾಗಿತ್ತು. ಬಣ್ಣದ ಪರದೆಯ ಮೇಲ್ದರ್ಜೆಯ ಮಾದರಿಗೆ ಅದರ ಸುಮಾರು ಎರಡರಷ್ಟು ತೆರಬೇಕಿತ್ತು. ಮಾರಾಟ ಕೆಲವು ಸಾವಿರಗಳ ಆಚೆಗೆ ಹೆಚ್ಚು ಸಾಗಲಿಲ್ಲ. ಸಂಖ್ಯೆ ಹೆಚ್ಚದೆ ಬೆಲೆ ಇಳಿಯದು, ಬೆಲೆ ಇಳಿಯದೆ ಸಂಖ್ಯೆ ಹೆಚ್ಚದು ಎಂಬ ಸುಳಿಗೆ ಯಂತ್ರ ಸಿಕ್ಕಿತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಫೋನು ಹಳ್ಳಿಗಳನ್ನು ತಲುಪಿತು. ಹೀಗಿದ್ದರೂ ಅಗತ್ಯವನ್ನು ಮೊದಲು ಗುರುತಿಸಿ, ಅನಂತರ ಕತ್ತರಿ ಹಾಕುವ ಕ್ರಮ ಸಿಂಪ್ಯೂಟರಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಮುಂದಿನ ಯಂತ್ರಗಳಲ್ಲಿ ಕಾಣುವುದಿಲ್ಲ.

ಅದೇ ಕಾಲದಲ್ಲಿ ಹೊರದೇಶಗಳಲ್ಲೂ ಇದೇ ಚಿಂತನೆ ನಡೆದಿತ್ತು. ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ ಮಕ್ಕಳಿಗಾಗಿ ನೂರು ಡಾಲರಿನ ಲ್ಯಾಪ್‌ಟಾಪನ್ನು ಘೋಷಿಸಿದರು. 2007ರಲ್ಲಿ ತಯಾರಾಗಿ ಬಂದಾಗ ಅದರ ಬೆಲೆ ಇನ್ನೂರು ಡಾಲರಿನ ಸಮೀಪಕ್ಕೆ ಏರಿತ್ತು, ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲೇ ಆ ಯೋಜನೆಯನ್ನು ಒಪ್ಪದೆ ಬದಿಗಿರಿಸಿತ್ತು. 2007ರಲ್ಲಿಯೇ ತೈವಾನಿನ ಏಸುಸ್ ಕಂಪನಿ ಏಳಿಂಚು ಪರದೆ ಮತ್ತು ನಾಲ್ಕು ಗಿಗಾಬೈಟ್ ಸಂಗ್ರಹದ ‘ಈ ಪಿಸಿ’ (Eee PC) ಎಂಬ ಯಂತ್ರವನ್ನು ಹೊರತಂದು, ನೆಟ್‌ಬುಕ್ ಎಂಬ ಹೊಸ ವರ್ಗವನ್ನೇ ಹುಟ್ಟುಹಾಕಿತು. ಬೆರಳಿಗೆ ಇಕ್ಕಟ್ಟಾಗುವ ಕೀಲಿಗಳು ಮತ್ತು ಕಿರಿದಾದ ಪರದೆ ಆ ಅಗ್ಗದ ಬೆಲೆಯ ಭಾಗವೇ ಆಗಿದ್ದವು.

ಭಾರತ ಸರ್ಕಾರದ ಉತ್ತರವಾಗಿ 2011ರ ಅಕ್ಟೋಬರ್‌ನಲ್ಲಿ ಬಂದ ಆಕಾಶ್ ಟ್ಯಾಬ್ಲೆಟ್ ಈ ಚರಿತ್ರೆಯ ಕಠಿಣ ಪಾಠ. ಸರ್ಕಾರ ಸುಮಾರು 2,250 ರೂಪಾಯಿಗೆ ಕೊಂಡ ಈ ಯಂತ್ರದಲ್ಲಿ 256 ಮೆಗಾಬೈಟ್ ರ‍್ಯಾಮ್, ಎಂದರೆ ಚಾಲ್ತಿಯಲ್ಲಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ಸ್ಮೃತಿ, ಮತ್ತು ಒತ್ತಿದರೆ ಮಾತ್ರ ಸ್ಪಂದಿಸುವ ಪರದೆ ಇದ್ದವು; ಬ್ಯಾಟರಿ ಎರಡು ಮೂರು ಗಂಟೆಗೆ ಮುಗಿಯುತ್ತಿತ್ತು. ಕನ್ನಡ ಓದುಗರ ಮಟ್ಟಿಗೆ ಇನ್ನೊಂದು ಕೊರತೆಯೂ ಇತ್ತು. ಅದರಲ್ಲಿದ್ದ ಆಂಡ್ರಾಯ್ಡ್ 2.2 ಆವೃತ್ತಿಗೆ ಕನ್ನಡ ಲಿಪಿಯ ಅಂತರ್ಗತ ಬೆಂಬಲವಿರಲಿಲ್ಲ. ಅದು ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ. ಕನ್ನಡವನ್ನು ಗಣಕಕ್ಕೆ ಒಗ್ಗಿಸುವ ಕೆಲಸ ದಶಕಗಳ ಹಿಂದೆಯೇ ಆರಂಭವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು: ಇದೇ ದಕ್ಷಿಣ ಕನ್ನಡ ಜಿಲ್ಲೆಯ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ರಾಜ್ಯ ಸರ್ಕಾರದ ಮಾನ್ಯತೆ ಪಡೆಯಿತು, ಭಾಷೆಗಳ ಲಿಪಿಗಳಿಗೆ ಏಕರೂಪದ ಸಂಕೇತ ಕೊಡುವ ಯುನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅಷ್ಟಾದರೂ ಅಗ್ಗದ ಯಂತ್ರದಲ್ಲಿ ಮೊದಲು ಬಿಟ್ಟುಹೋದದ್ದು ಭಾಷೆ.

ಕೋವಿಡ್ ಕಾಲ ಈ ಎಲ್ಲ ಲೆಕ್ಕಾಚಾರವನ್ನು ಸುಳ್ಯ ತಾಲ್ಲೂಕಿನ ಮನೆಮನೆಗೆ ತಂದಿತು. 2021ರ ಜೂನ್‌ನಲ್ಲಿ ಗುತ್ತಿಗಾರು ಬಳಿಯ ಬಳ್ಳಕದಲ್ಲಿ, ಮನೆಯಲ್ಲಿ ಸಿಗ್ನಲ್ ಸಿಗದೆ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶದಾದ್ಯಂತ ಹರಡಿತು. ಅದೇ ತಿಂಗಳು ರಾಜ್ಯ ಸರ್ಕಾರ ಸರ್ಕಾರಿ ಪದವಿ ಮತ್ತು ತಾಂತ್ರಿಕ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ವಿತರಿಸುವ ಯೋಜನೆಗೆ ಚಾಲನೆ ಕೊಟ್ಟಿತು. ಅಗ್ಗದ ಯಂತ್ರಗಳ ಬಹುಭಾಗದ ಸಾಮರ್ಥ್ಯ ಅಂತರ್ಜಾಲ ಇದ್ದಾಗ ಮಾತ್ರ ಕೈಗೆ ಬರುತ್ತದೆ ಎಂಬುದು ಆ ಮಳೆಗಾಲದಲ್ಲಿ ಎಲ್ಲರಿಗೂ ತಿಳಿಯಿತು.

ಹಿಂದೆ ಟ್ರಸ್ಟುಗಳೂ ಸರ್ಕಾರಗಳೂ ಮಾಡುತ್ತಿದ್ದ ಆಯ್ಕೆಯನ್ನು ಇಂದು ಕೊಳ್ಳುವ ಕುಟುಂಬವೇ ಮಾಡಬೇಕಾಗಿದೆ. 2023ರಲ್ಲಿ ಬಂದ ಜಿಯೋಬುಕ್ ಇದಕ್ಕೆ ಹತ್ತಿರದ ಉದಾಹರಣೆ: ಬಿಡುಗಡೆಯ ವೇಳೆಯ 16,499 ರೂಪಾಯಿ ಬೆಲೆಗೆ 11.6 ಇಂಚಿನ ಪರದೆ, ನಾಲ್ಕು ಗಿಗಾಬೈಟ್ ರ‍್ಯಾಮ್, ಸಿಮ್ ಹಾಕುವ ಸೌಲಭ್ಯ, ಮತ್ತು 64 ಗಿಗಾಬೈಟಿನ ಇಎಂಎಂಸಿ, ಎಂದರೆ ಮದರ್‌ಬೋರ್ಡಿಗೆ ಬೆಸೆದಿರುವ, ಸಾಮಾನ್ಯವಾಗಿ ಬದಲಿಸಲಾಗದ ಸಂಗ್ರಹ ಚಿಪ್. 2021ರಲ್ಲಿ ಬಂದ ವಿಂಡೋಸ್ 11 ತನ್ನ ಕನಿಷ್ಠ ಅಗತ್ಯವೆಂದು ಹೇಳುವುದೂ ನಾಲ್ಕು ಗಿಗಾಬೈಟ್ ರ‍್ಯಾಮ್ ಮತ್ತು 64 ಗಿಗಾಬೈಟ್ ಸಂಗ್ರಹವನ್ನೇ. ಆದ್ದರಿಂದ ಇಷ್ಟೇ ಇರುವ ವಿಂಡೋಸ್ ಲ್ಯಾಪ್‌ಟಾಪು ಕೊಂಡ ದಿನವೇ ತನ್ನ ಮಿತಿಯ ಅಂಚಿನಲ್ಲಿರುತ್ತದೆ. ಬ್ಯಾಟರಿಯ ವಿಷಯದಲ್ಲಿ ಲೆಕ್ಕ ಇನ್ನೂ ಸರಳ. ಅದರ ಸಾಮರ್ಥ್ಯವನ್ನು ವಾಟ್-ಗಂಟೆಯಲ್ಲಿ ಅಳೆಯುತ್ತಾರೆ. 40 ವಾಟ್-ಗಂಟೆಯ ಬ್ಯಾಟರಿ ಇರುವ ಯಂತ್ರ ಸರಾಸರಿ ಎಂಟು ವಾಟ್ ಬಳಸಿದರೆ ಐದು ಗಂಟೆ ನಡೆಯುತ್ತದೆ, ಬ್ಯಾಟರಿ ಹಳೆಯದಾದಂತೆ ಆ ಅವಧಿ ಕುಗ್ಗುತ್ತಾ ಹೋಗುತ್ತದೆ.

ಈ ಚರಿತ್ರೆಯಿಂದ ಹೊರಡುವ ತೀರ್ಮಾನವಿಷ್ಟು. ಸಂಪಾಜೆಯಂತಹ ಊರಿನಲ್ಲಿ ಬಜೆಟ್ ಲ್ಯಾಪ್‌ಟಾಪ್ ಕೊಳ್ಳುವವರು ಪ್ರೊಸೆಸರಿನ ವೇಗ, ಪರದೆಯ ಬಣ್ಣದ ಸೊಗಸು, ತೆಳುವಾದ ಮೈಕಟ್ಟು ಇವನ್ನು ಬಿಟ್ಟುಕೊಟ್ಟರೂ ನಷ್ಟ ಸಣ್ಣದು. ಬಿಟ್ಟುಕೊಡಬಾರದ್ದು ನಾಲ್ಕು: ಕರೆಂಟಿಲ್ಲದ ಅರ್ಧ ದಿನವನ್ನು ದಾಟಿಸುವ ಬ್ಯಾಟರಿ, ಮುಂದೆ ಹೆಚ್ಚಿಸಬಹುದಾದ ರ‍್ಯಾಮ್ ಮತ್ತು ಸಂಗ್ರಹ, ಅಂತರ್ಜಾಲವಿಲ್ಲದೆಯೂ ನಡೆಯುವ ಕನ್ನಡ ಬರೆವಣಿಗೆ, ಸುಳ್ಯ ಪುತ್ತೂರುಗಳಲ್ಲಿಯೇ ಸಿಗುವ ದುರಸ್ತಿ. ಇವುಗಳಲ್ಲಿ ಎರಡು ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿದ್ದರೂ ಆ ಊರಿಗೆ ದುಬಾರಿಯೇ.