ಕಹಿ ಸೋಡಾದ ಕಥಿ: ಜಿನ್-ಟಾನಿಕ್ ಖರೇನೇ ದವಾ ಏನು?

ಅಕ್ಕ-ತಂಗ್ಯಾರೇ, ಇದು ಕುಡಿಯೋದು ಕಲಿಸ್ಲಿಕ್ಕ ಬರ್ದದ್ದಲ್ಲ, ಮೊದ್ಲೇ ಹೇಳಿಬಿಡ್ತೀನಿ. ಲಗ್ನದ ಮನ್ಯಾಗ ಗಂಡಸರು ಒಂದ್ ಮೂಲ್ಯಾಗ ಕೂತು ಗಿಲಾಸ್ ಎತ್ತೋದು, ಕೇಳಿದ್ರ "ಮೈ ಬ್ಯಾನಿ ಇತ್ತು, ದವಾ ಅಂತ ತಗೊಂಡೆ" ಅನ್ನೋದು ಬೀದರ, ಭಾಲ್ಕಿ, ಔರಾದ ಎಲ್ಲಾ ಕಡಿ ಕೇಳಿದ ಮಾತೇ. ಈಗ ಹೈದ್ರಾಬಾದ, ಪುಣೆಯಿಂದ ಬರೋ ಕಲ್ತ ಹುಡುಗರು ಇನ್ನೊಂದು ಹೊಸಾದು ತಂದಾರ: "ಜಿನ್-ಟಾನಿಕ್ ಅಂದ್ರ ಮಲೇರಿಯಾದ ದವಾ, ಅಂಗ್ರೇಜರು ಅದಕ್ಕೇ ಕುಡಿತಿದ್ರು." ಈ ಮಾತಿನಾಗ ಅರ್ಧ ಖರೇ ಅದ, ಅರ್ಧ ನೆವ ಅದ. ಅಕ್ಕಿ-ಕಲ್ಲು ಆರಿಸಿದಂಗ ಆರಿಸಿ ನೋಡೋಣು.

ಖರೇ ಅರ್ಧ ಮೊದ್ಲು. ದಕ್ಷಿಣ ಅಮೆರಿಕಾದ ಗುಡ್ಡದಾಗ ಸಿಂಕೋನಾ ಅನ್ನೋ ಗಿಡ ಅದ. ಅದರ ತೊಗಟಿ ಭಾಳ ಕಹಿ, ಆದ್ರ ಥಂಡಿ ಜ್ವರಕ್ಕ ಪಕ್ಕಾ ಔಷಧ. 1820ರಾಗ ಫ್ರಾನ್ಸಿನ ಪೆಲ್ಲೆತಿಯೆ, ಕಾವೆಂತು ಅನ್ನೋ ಇಬ್ಬರು ಆ ತೊಗಟಿಯೊಳಗಿನ ಸತ್ವ ತೆಗೆದ್ರು. ಅದೇ ಕ್ವಿನೈನ್. ಮುಂದ 1860ರ ಸುಮಾರಿಗೆ ಕ್ಲೆಮೆಂಟ್ಸ್ ಮಾರ್ಕಮ್ ಅನ್ನೋ ಅಂಗ್ರೇಜ ಆ ಗಿಡದ ಬೀಜ, ಸಸಿ ನಮ್ಮ ದೇಶಕ್ಕ ತರಿಸಿದ. ಊಟಿ ಕಡಿ ನೀಲಗಿರಿಯೊಳಗ ತೋಟ ಎದ್ದವು.

ಕಹಿ ಗಂಟಲಿನಾಗ ಇಳಿಸೋದು ಹ್ಯಾಂಗ ಅಂತ ನಮಗ್ಯಾರೂ ಕಲಿಸಬೇಕಿಲ್ಲ. ಉಗಾದಿಗಿ ಬೇವಿನ ಜೋಡಿ ಬೆಲ್ಲ ಕೊಡ್ತೀವಲ್ಲ, ಹಂಗೇ ಅವರೂ ಮಾಡಿದ್ರು. 1858ರಾಗ ಲಂಡನ್‌ನ ಎರಾಸ್ಮಸ್ ಬಾಂಡ್ ಅನ್ನೋನು ಕ್ವಿನೈನ್ ಹಾಕಿದ ಸೋಡಾಕ್ಕ ಪೇಟೆಂಟ್ ತಗೊಂಡ. ಅದೇ ಟಾನಿಕ್ ವಾಟರ್, ನಮ್ಮ ಬಾಯಾಗ ಹೇಳಬೇಕಂದ್ರ ಕಹಿ ಸೋಡಾ. ಪ್ಯಾಟ್ಯಾಗ ನಾವು ಕುಡಿಯೋ ಗೋಲಿ ಸೋಡಾದ ಬಾಟ್ಲಿನೂ ಅದೇ ಕಾಲದ್ದು. ಹೈರಮ್ ಕಾಡ್ ಅನ್ನೋ ಅಂಗ್ರೇಜ 1872ರಾಗ ಅದಕ್ಕ ಪೇಟೆಂಟ್ ತಗೊಂಡಾನ.

ಇನ್ನ ನೆವದ ಅರ್ಧ. ಜಿನ್ ಅಂದ್ರ ಕಾಳಿನಿಂದ ಇಳಿಸಿದ ದಾರು. ಜುನಿಪರ್ ಅನ್ನೋ ಗಿಡದ ಕಾಯಿ ಹಾಕಿ ಅದಕ್ಕ ವಾಸನಿ ಕೊಡ್ತಾರ. 1700ರ ನಂತರ ಲಂಡನ್‌ನಾಗ ಇದು ಎಷ್ಟು ಸಸ್ತಾ ಸಿಗ್ತಿತ್ತಂದ್ರ ಬಡವರ ಮನಿ ಮನಿ ಹಾಳಾದವು. 1751ರಾಗ ಕಾಯ್ದೆ ತಂದು ಬಿಗಿ ಮಾಡಬೇಕಾಯ್ತು. ಅಂಗ್ರೇಜಿಯೊಳಗ ಜಿನ್‌ಗ "ತಾಯಂದಿರ ಹಾಳು" ಅನ್ನೋ ಅಡ್ಡಹೆಸರು ಇವತ್ತಿಗೂ ಅದ. ಸಾರಾಯಿಯಿಂದ ಮನಿ ಮುರಿದದ್ದು ನೋಡಿದ ನಮಗ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆಗಿದ್ದು 2007ರಾಗ.

ಇವೆರಡೂ ಕೂಡಿದ್ದು ದವಾಖಾನ್ಯಾಗ ಅಂತೀರೇನು? ಜಿನ್-ಟಾನಿಕ್ ಅನ್ನೋ ಹೆಸರು ಭಾಳ ಮೊದ್ಲು ಸಿಗೋದು 1868ರ ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಜಿನ್‌ನಾಗ. ಅಲ್ಲಿ ಅದನ್ನ ಕೇಳಿದವರು ಜ್ವರದ ರೋಗಿಗಳಲ್ಲ, ಕುದುರಿ ರೇಸ್ ನೋಡ್ಲಿಕ್ಕ ಬಂದ ಸಾಹೇಬರು! ಬಿಸಲಿಗಿ ತಂಪು, ಜೋಡಿಗೆ ಮಜಾ. ದವಾ ಅನ್ನೋ ಹೆಸರು ಬಾಟ್ಲಿ ಮ್ಯಾಲ ಇತ್ತು, ಆಸಿ ಗಿಲಾಸಿನಾಗ ಇತ್ತು.

ಮಲೇರಿಯಾದ ಖರೇ ಗುಟ್ಟು ಬಿಚ್ಚಿದ್ದು ನಮ್ಮ ಬಾಜೂಕೇ. ಆಗ ಬೀದರ ನಿಜಾಮರ ರಾಜ್ಯದಾಗಿತ್ತು. ಅದೇ ರಾಜ್ಯದ ಸಿಕಂದರಾಬಾದಿನ ಛಾವಣ್ಯಾಗ ಡಾಕ್ಟರ್ ರೊನಾಲ್ಡ್ ರಾಸ್ 1897ರ ಆಗಸ್ಟ್ 20ಕ್ಕ ಸೊಳ್ಳಿ ಹೊಟ್ಟಿ ಸೀಳಿ, ಅದರಾಗ ಮಲೇರಿಯಾದ ಜಂತು ಕಂಡ. 1902ರಾಗ ನೊಬೆಲ್ ಸಿಕ್ತು. ಸೊಳ್ಳಿ ಕಡಿದ್ರ ಜ್ವರ, ನಿಂತ ನೀರಿದ್ರ ಸೊಳ್ಳಿ. ಇಷ್ಟು ತಿಳಿದ ಮ್ಯಾಲ ಗಿಲಾಸಿನ ನೆವ ಉಳೀಲಿಲ್ಲ.

ಲೆಕ್ಕಾನೂ ಮಾಡಿ ನೋಡ್ರಿ. ಟಾನಿಕ್‌ನಾಗ ಒಂದು ಲೀಟರಿಗಿ 83 ಮಿಲಿಗ್ರಾಮಿಗಿಂತ ಹೆಚ್ಚು ಕ್ವಿನೈನ್ ಇರಬಾರದು ಅಂತ ಅಮೆರಿಕಾದ ಕಾನೂನದ. ಮಲೇರಿಯಾ ಬಂದ ದೊಡ್ಡವರಿಗಿ ಡಾಕ್ಟರು ಕ್ವಿನೈನ್ ಕೊಟ್ರ ದಿನಕ್ಕ ಸುಮಾರು 1800 ಮಿಲಿಗ್ರಾಮ್ ಬೇಕು. ಅಂದ್ರ ದಿನಾ 20 ಲೀಟರಿಗಿಂತ ಹೆಚ್ಚು ಟಾನಿಕ್ ಕುಡೀಬೇಕು, ಎರಡು ಕೊಡ ತುಂಬ!

ಮಾಡೋದು ಹ್ಯಾಂಗ ಅಂತ ಕೇಳ್ತೀರಿ, ಗೊತ್ತದ. ಉದ್ದ ಗಿಲಾಸಿನ ತುಂಬ ಬರ್ಫ, 50 ಮಿಲಿ ಜಿನ್, 150 ಮಿಲಿ ತಣ್ಣನ ಟಾನಿಕ್, ಮ್ಯಾಲ ಲಿಂಬಿಹೋಳು. ಅಷ್ಟೇ. ಜಿನ್ ತೆಗೆದು ಹಾಕಿದ್ರೂ ರುಚಿ ಹೋಗಂಗಿಲ್ಲ: ಬರ್ಫ, ಟಾನಿಕ್, ಅರ್ಧ ಲಿಂಬಿ ರಸ, ಚಿಟಿಕಿ ಉಪ್ಪು. ಸಕ್ರಿ ಬ್ಯಾನಿ ಇದ್ದವರು ಬಾಟ್ಲಿ ಮ್ಯಾಲಿನ ಅಕ್ಷರ ಓದ್ರಿ, ಟಾನಿಕ್‌ನಾಗ ಸಕ್ರಿ ಇರ್ತದ.

ಮನ್ಯಾಗ ಯಾರಿಗರ ಚಳಿ ಹತ್ತಿ ಜ್ವರ ಬಂದ್ರ ಆಶಾ ಅಕ್ಕಗ ಹೇಳಿ ರಕ್ತ ತಪಾಸಣಿ ಮಾಡಿಸ್ರಿ. ಹಂಡೆ, ಕೂಲರ್, ಹಳಿ ಟೈರಿನಾಗಿನ ನೀರು ವಾರಕ್ಕೊಮ್ಮಿ ಚೆಲ್ಲ್ರಿ. ಮೂಲ್ಯಾಗ ಕೂತು "ದವಾ" ಅನ್ನೋರಿಗಿ ಮಾತ್ರ ಆ 20 ಲೀಟರಿನ ಲೆಕ್ಕ ಕೇಳ್ರಿ.